ರೇಡು ಕಿರಾಣಿ ಅಂಗಡಿಯಲ್ಲೇ ಏಕೆ ನಿಲ್ಲುತ್ತದೆ?

ರಾಯಚೂರು ಜಿಲ್ಲೆಯ ಯಾವ ಠಾಣೆಯಲ್ಲಾದರೂ ಸರಿ, ಅಕ್ರಮ ಮದ್ಯದ ಪ್ರಕರಣದ ಕಾಗದ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಶುರುವಾಗುತ್ತದೆ. ಖಚಿತ ಬಾತ್ಮಿ ಬಂದ ಮೇರೆಗೆ ಸಿಬ್ಬಂದಿ ಮತ್ತು ಪಂಚರೊಂದಿಗೆ ಇಂಥ ಊರಿಗೆ ಹೋಗಿ, ಮರೆಯಲ್ಲಿ ನಿಂತು ನೋಡಲಾಗಿ, ಆರೋಪಿತನು ತನ್ನ ಕಿರಾಣಿ ಅಂಗಡಿಯ ಮುಂದೆ ಪರವಾನಗಿ ಇಲ್ಲದೆ 90 ಎಂಎಲ್ ಪೌಚುಗಳನ್ನು ಮಾರುತ್ತಿದ್ದುದು ಕಂಡುಬಂದು, ದಾಳಿ ಮಾಡಲಾಗಿ... ವಾಕ್ಯ ಮುಗಿಯುವುದೇ ಇಲ್ಲ. ಕೊನೆಗೆ ಪೌಚುಗಳ ಲೆಕ್ಕ, ಅಂದಾಜು ಕಿಮ್ಮತ್ತು, ಪ್ರಯೋಗಾಲಯಕ್ಕೆಂದು ಸೀಲು ಮಾಡಿ ತೆಗೆದಿಟ್ಟ ಒಂದು ಪೌಚು, ಇಬ್ಬರು ಪಂಚರ ಸಹಿ. ಆಮೇಲೆ ಠಾಣೆಗೆ ವಾಪಸು ಬಂದು, ಸಂಜೆ ಇಷ್ಟು ಗಂಟೆಗೆ ಕರ್ನಾಟಕ ಅಬಕಾರಿ ಕಾಯ್ದೆಯ 32, 34ನೇ ಕಲಮುಗಳಡಿ ಗುನ್ನೆ ದಾಖಲು.

ಈ ಕಾಗದದಲ್ಲಿ ಇರಲೇಬೇಕಾದ ಎರಡು ಸಂಗತಿ ಸಾಮಾನ್ಯವಾಗಿ ಇರುವುದಿಲ್ಲ. ಮೊದಲನೆಯದು ದಾಳಿಗೆ ಹೊರಡುವ ಮುನ್ನ ಬರೆಯಬೇಕಾದದ್ದು: ವಾರಂಟ್ ತರಲು ಹೋದರೆ ಮಾಲು ಮಾಯವಾಗುತ್ತದೆ ಎಂದು ತನಗೇಕೆ ಅನ್ನಿಸಿತು ಎಂಬ ಅಧಿಕಾರಿಯ ಕಾರಣ. ಎರಡನೆಯದು ದಾಳಿಯಾದ ಮೇಲೆ ಬರೆಯಬೇಕಾದದ್ದು: ಆ ಪೌಚಿನ ಮೇಲೆ ಅಚ್ಚಾಗಿರುವ ಬ್ಯಾಚ್ ಸಂಖ್ಯೆ. ಅಬಕಾರಿಯವರೂ ಸೇರಿದಂತೆ ತೆರಿಗೆ ಅಧಿಕಾರಿಗಳಿಗೆ ಶೋಧನೆಯ ಅಧಿಕಾರ ಸಾಲದು ಎಂದು ಒಂದು ಕಡೆ, ಹೆಚ್ಚಾಯಿತು ಎಂದು ಇನ್ನೊಂದು ಕಡೆ ವಾದ ನಡೆಯುತ್ತಲೇ ಇದೆ. ಮಾನ್ವಿ, ದೇವದುರ್ಗದ ಹಳ್ಳಿಗಳಿಂದ ನೋಡಿದರೆ ಎರಡೂ ವಾದಗಳಿಗೆ ಗುರಿ ತಪ್ಪಿದೆ. ಇರುವ ಅಧಿಕಾರವೇ ಬೇಕಾದಷ್ಟಾಯಿತು. ಅದು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ಬಂದು ನಿಲ್ಲುತ್ತದೆ ಎನ್ನುವುದೇ ಪ್ರಶ್ನೆ. ಅದಕ್ಕೆ ಉತ್ತರ ಮೇಲಿನ ಎರಡು ಬಿಟ್ಟುಹೋದ ಸಾಲುಗಳಲ್ಲಿದೆ ಎಂಬುದು ನನ್ನ ವಾದ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಮಾನ್ವಿ, ದೇವದುರ್ಗ ಎರಡೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು; ಇಲ್ಲಿ ನಡೆಯುತ್ತಿದ್ದುದು 1316 ಫಸಲಿಯ ಹೈದರಾಬಾದ್ ಅಬ್ಕಾರಿ ಕಾಯ್ದೆ. ಏಕೀಕರಣವಾದ ಮೇಲೆ ಹಳೇ ಮೈಸೂರಿಗೊಂದು, ಮುಂಬಯಿ ಕರ್ನಾಟಕಕ್ಕೊಂದು, ನಮಗೊಂದು ಎಂದು ಹರಿದು ಹಂಚಿಹೋಗಿದ್ದ ಕಾನೂನುಗಳನ್ನು ಒಟ್ಟುಗೂಡಿಸಿದ್ದು 1965ರ ಅಬಕಾರಿ ಕಾಯ್ದೆ. ಅದರ 53ನೇ ಕಲಮು ವಾರಂಟ್ ಪಡೆದು ಮಾಡುವ ಶೋಧನೆಯದು. 54ನೆಯದು ವಾರಂಟ್ ಇಲ್ಲದ ಶೋಧನೆ. ಹಗಲಿರಲಿ, ರಾತ್ರಿಯಿರಲಿ, ಅಧಿಕಾರಿ ಯಾವ ಜಾಗಕ್ಕಾದರೂ ನುಗ್ಗಬಹುದು, ಹುಡುಕಬಹುದು, ಜಪ್ತಿ ಮಾಡಬಹುದು. ಅಬಕಾರಿಯವರಷ್ಟೇ ಅಲ್ಲ, ಠಾಣಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸರಿಗೂ ಈ ಅಧಿಕಾರವಿದೆ. ಷರತ್ತು ಮೂರು: ಅಪರಾಧ ನಡೆದಿದೆ ಅಥವಾ ನಡೆಯಲಿದೆ ಎಂದು ನಂಬಲು ಕಾರಣವಿರಬೇಕು, ವಾರಂಟಿಗೆ ಹೋದರೆ ಆರೋಪಿ ಪಾರಾಗುತ್ತಾನೆ ಅಥವಾ ಸಾಕ್ಷ್ಯ ಮುಚ್ಚಿಡುತ್ತಾನೆ ಎಂಬ ನಂಬಿಕೆಗೆ ಆಧಾರವಿರಬೇಕು, ಆ ಆಧಾರವನ್ನು ಮೊದಲು ಬರೆದಿಟ್ಟು ಆಮೇಲೆ ಹೊರಡಬೇಕು.

ಶಾಸನಸಭೆ ಅಧಿಕಾರಿಯ ಅವಸರವನ್ನು ಅರ್ಥ ಮಾಡಿಕೊಂಡೇ ಈ ಕಲಮು ಬರೆದಿದೆ. ಮಾನ್ವಿಯ ನ್ಯಾಯಾಲಯಕ್ಕೆ ಹೋಗಿ, ಮ್ಯಾಜಿಸ್ಟ್ರೇಟರ ಮುಂದೆ ನಿಂತು, ಸಹಿ ಮಾಡಿಸಿಕೊಂಡು ಹಳ್ಳಿಗೆ ಬರುವಷ್ಟರಲ್ಲಿ ಕೊಡದಲ್ಲಿದ್ದ ಸೇಂದಿ ಚರಂಡಿ ಸೇರಿರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೇ ವಾರಂಟ್ ಬೇಡ ಎಂದದ್ದು. ಕೇಳಿದ್ದು ಎರಡು ಸಾಲು ಬರಹ. ಜೀಪು ಹತ್ತುವ ಮುನ್ನ ಡೈರಿಯಲ್ಲಿ ಬರೆಯಲು ಐದು ನಿಮಿಷ ಸಾಕು.

ಆ ಐದು ನಿಮಿಷದ ಬೆಲೆ ಎಷ್ಟೆಂದು ಸುಪ್ರೀಂ ಕೋರ್ಟ್ 1979ರಲ್ಲೇ, ನಮ್ಮದೇ ರಾಜ್ಯದ ಸುಬ್ಬಯ್ಯ ಪ್ರಕರಣದಲ್ಲಿ ಹೇಳಿತು. ಇನ್‌ಸ್ಪೆಕ್ಟರು ಕಾರು ತಡೆದು ಹುಡುಕಿದ್ದರು, ಮದ್ಯ ಸಿಕ್ಕಿತ್ತು, ಶಿಕ್ಷೆಯೂ ಆಗಿತ್ತು. ಆದರೆ ಹುಡುಕುವ ಮುನ್ನ ಕಾರಣ ಬರೆದಿಟ್ಟಿರಲಿಲ್ಲ. ಹಾಗಾಗಿ ಶೋಧನೆಗೇ ಅಧಿಕಾರವಿರಲಿಲ್ಲ ಎಂದು ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. 53, 54ನೇ ಕಲಮುಗಳು ಪ್ರಜೆಯನ್ನು ಸುಮ್ಮಸುಮ್ಮನೆ ಕೊಡುವ ಕಿರುಕುಳದಿಂದ ಕಾಪಾಡಲು ಇರುವ ಕಾವಲು ಎಂದಿತು. ಅಲ್ಲಿಂದ ಇಲ್ಲಿಯವರೆಗೆ ಇದೇ ತೀರ್ಪನ್ನು ಹಿಡಿದು ಕರ್ನಾಟಕ ಹೈಕೋರ್ಟಿನಲ್ಲಿ ಅಬಕಾರಿ ಪ್ರಕರಣಗಳು ಬಿದ್ದುಹೋಗುತ್ತಲೇ ಇವೆ. ವಕೀಲರಿಗೆ ಇದು ಬಾಯಿಪಾಠ. ಪಂಚನಾಮೆಯ ವೇಳೆ ನೋಡು, ಗುನ್ನೆ ದಾಖಲಾದ ವೇಳೆ ನೋಡು, ನಡುವೆ ಕಾರಣದ ಕಾಗದ ಇದೆಯೇ ನೋಡು. ಇಲ್ಲವೆಂದರೆ ಮುಂದಿನ ಕೆಲಸ ಸುಲಭ.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕು, ಅದು ತೂಕದ ಆಕ್ಷೇಪ. ಮಾಲು ಕಣ್ಣೆದುರಿಗೇ ಸಿಕ್ಕಿದೆ, ಕಾಗದದಲ್ಲಿ ಒಂದು ಸಾಲು ಇಲ್ಲವೆಂದು ಬಿಟ್ಟುಬಿಡುವುದು ನ್ಯಾಯವೇ? 1974ರ ಪೂರಣ್‌ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿತ್ತಲ್ಲ, ಆದಾಯ ತೆರಿಗೆಯವರ ಶೋಧನೆ ಕ್ರಮಬದ್ಧವಾಗಿರದಿದ್ದರೂ ಸಿಕ್ಕ ದಾಖಲೆಯನ್ನು ಸಾಕ್ಷ್ಯವಾಗಿ ಬಳಸಬಹುದು ಎಂದು? ಹೌದು, ಹೇಳಿತ್ತು. ಅದಕ್ಕೂ ಹಿಂದೆ, 1954ರ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಎಂಟು ನ್ಯಾಯಮೂರ್ತಿಗಳು ಅಮೆರಿಕದಲ್ಲಿರುವಂಥ ಶೋಧನೆಯ ವಿರುದ್ಧದ ಮೂಲಭೂತ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ ಎಂದಿದ್ದರು. ಆ ನೆಲಗಟ್ಟು ಅಲುಗಿದ್ದು 2017ರ ಆಗಸ್ಟ್ 24ರಂದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು; ಆ ಮಟ್ಟಿಗೆ ಶರ್ಮಾ ತೀರ್ಪನ್ನು ತಳ್ಳಿಹಾಕಿದರು. ಮನೆಯೊಳಗೆ ಬರುವವನು ಕಾನೂನು ತೋರಿಸಿದರೆ ಸಾಲದು; ಆ ಕಾನೂನು ಅಗತ್ಯಕ್ಕೆ ತಕ್ಕಷ್ಟೇ ಕೈಚಾಚಬೇಕು, ದುರುಪಯೋಗಕ್ಕೆ ತಡೆಯಿರಬೇಕು.

ಆದರೂ ಆಕ್ಷೇಪಕ್ಕೆ ನನ್ನ ಉತ್ತರ ಸಂವಿಧಾನದ ಎತ್ತರದಿಂದ ಬರುವಂಥದ್ದಲ್ಲ. ಆರೋಪಿಯನ್ನು ಬಿಡಿಸಿದ್ದು ಕೋರ್ಟಲ್ಲ, ಬರೆಯದೆ ಹೊರಟ ಅಧಿಕಾರಿ. ಅವರಲ್ಲಿ ಕೆಲವರು ಸೋಮಾರಿತನದಿಂದ ಬರೆಯುವುದಿಲ್ಲ. ಕೆಲವರು ಬಿದ್ದುಹೋಗಲಿ ಎಂದೇ ಬರೆಯುವುದಿಲ್ಲ ಎಂಬ ಗುಮಾನಿ ಹಳ್ಳಿಯ ಕಟ್ಟೆಗಳಲ್ಲಿ ಉಂಟು. ಪ್ರಕರಣ ದಾಖಲಾದರೆ ತಿಂಗಳ ಲೆಕ್ಕ ತುಂಬಿತು. ಬಿದ್ದರೆ ಯಾರಿಗೂ ನಷ್ಟವಿಲ್ಲ. ಒಂದು ಬರೆಯದ ಸಾಲು ಅಧಿಕಾರಿ, ಆರೋಪಿ ಇಬ್ಬರನ್ನೂ ಕಾಪಾಡುತ್ತದೆ. ಹಾಗಿದ್ದ ಮೇಲೆ ಆ ಸಾಲು ಬರೆಯಬೇಕೆಂಬ ನಿಯಮವನ್ನು ಅಪರಾಧಿಗೆ ಕಾನೂನು ತೋರಿದ ದಯೆ ಎಂದುಕೊಳ್ಳುವುದು ದೊಡ್ಡ ತಪ್ಪು ತಿಳಿವಳಿಕೆ.

ಇದನ್ನೆಲ್ಲ ಹೇಳುವಾಗ ಪೋತ್ನಾಳದ ಹೆಣ್ಣುಮಕ್ಕಳನ್ನು ಮರೆತರೆ ಲೇಖನ ಪಟ್ಟಣದ ಕುರ್ಚಿಯಲ್ಲಿ ಕೂತು ಬರೆದದ್ದಾಗುತ್ತದೆ. ಮಾನ್ವಿ ಸೀಮೆಯ ಪೋತ್ನಾಳದಲ್ಲಿ ಬೇರು ಬಿಟ್ಟ ಜಾಗೃತ ಮಹಿಳಾ ಸಂಘಟನೆ ದಲಿತ ಕೂಲಿಕಾರ ಮಹಿಳೆಯರದು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಸರಿನಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರಿನಷ್ಟು ದೂರ ನಡೆದ ಸಾವಿರಾರು ಹೆಂಗಸರಲ್ಲಿ ರಾಯಚೂರು ಜಿಲ್ಲೆಯವರು ದೊಡ್ಡ ಸಂಖ್ಯೆಯಲ್ಲಿದ್ದರು. ಅವರ ಬೇಡಿಕೆ ಪೂರ್ತಿ ನಿಷೇಧ. ಅದು ಆಗುವವರೆಗೆ ಕನಿಷ್ಠ ಊರೊಳಗಿನ ಅಕ್ರಮ ಮಾರಾಟವಾದರೂ ನಿಲ್ಲಲಿ. ಖಾಸಗಿತನದ ಮಾತು ಹೇಳಿದರೆ ಅವರು ತಿರುಗಿ ಕೇಳುವ ಪ್ರಶ್ನೆ ಸರಳವಾದದ್ದು: ಕುಡಿದು ಬಂದವನು ಕೈ ಎತ್ತುವಾಗ ನಮ್ಮ ಮನೆಯ ಖಾಸಗಿತನ ಎಲ್ಲಿತ್ತು? ಅವರಿಗೆ ರೇಡು ಕಡಿಮೆಯಾಗುವುದು ಬೇಕಿಲ್ಲ, ಹೆಚ್ಚಾಗುವುದು ಬೇಕು.

ನಾನು ಅವರ ಪರ. ಅದಕ್ಕೇ ಬರಹದ ಸಾಲು ಬೇಕು ಎನ್ನುವುದು. ಬರೆದು ಮಾಡಿದ ರೇಡು ಕೋರ್ಟಿನಲ್ಲಿ ನಿಲ್ಲುತ್ತದೆ. ಬರೆಯದೆ ಮಾಡಿದ್ದು ಮರುದಿನ ಜಾಮೀನಿನೊಂದಿಗೆ ವಾಪಸು ಬಂದು ಅದೇ ಅಂಗಡಿಯ ಬಾಗಿಲು ತೆಗೆಯುತ್ತದೆ. ಠಾಣೆಗಳ ಅಂಗಳದಲ್ಲಿ ಮುಳ್ಳುಕಂಟಿ ಬೆಳೆದು, ಸೀಟು ಹರಿದು, ತುಕ್ಕು ಹಿಡಿದು ನಿಂತಿರುವ ಬೈಕುಗಳನ್ನು ನೋಡಿ. ಅಬಕಾರಿ ದಾಳಿಗಳಲ್ಲಿ ಹಿಡಿದವೂ ಅವುಗಳಲ್ಲಿವೆ. ಹೊರಗೆ ನಿಂತು ನೋಡುವವನಿಗೆ ಆ ಬೈಕುಗಳ ಸಾಲು ಕಠಿಣ ಕ್ರಮದ ಗುರುತು. ಬೈಕಿನ ಮೇಲೆ ಪೆಟ್ಟಿಗೆ ಹೇರಿ ಕಳಿಸಿದವನು ಮಾತ್ರ ಆ ಅಂಗಳಕ್ಕೆ ಕಾಲಿಟ್ಟವನಲ್ಲ.

ಆ ಕಳಿಸಿದವನ ಕಡೆಗೆ ಹೋಗೋಣ. ಎರಡನೆಯ ಬಿಟ್ಟುಹೋದ ಸಾಲು ಅವನಿಗೆ ಸಂಬಂಧಿಸಿದ್ದು.

ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಬೀಡಿ, ಶಾಂಪೂ ಪ್ಯಾಕೆಟ್ಟಿನ ಹಿಂದೆ ಬಚ್ಚಿಟ್ಟ ಪೌಚು ಕಳ್ಳಭಟ್ಟಿಯದಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ ಆ ಜಾಗಕ್ಕೆ ಬಂದದ್ದು ಅಗ್ಗದ ವಿಸ್ಕಿ, ರಮ್ಮಿನ ಈ ಟೆಟ್ರಾ ಪ್ಯಾಕುಗಳು. ಇದು ಸರ್ಕಾರಕ್ಕೆ ತೆರಿಗೆ ಕಟ್ಟಿದ, ಲೇಬಲ್ ಅಂಟಿಸಿದ, ಕಾನೂನುಬದ್ಧವಾಗಿ ತಯಾರಾದ ಮಾಲು. ಕಾರ್ಖಾನೆಯಿಂದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋಕ್ಕೆ ಬರುತ್ತದೆ; 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವಹಿವಾಟು ನಡೆಸುವುದು ಈ ಸರ್ಕಾರಿ ನಿಗಮ. ಡಿಪೋದಿಂದ ಸಿಎಲ್-2 ಸನ್ನದಿನ ಅಂಗಡಿಗೋ, ಸಿಎಲ್-9 ಬಾರಿಗೋ, ಎಂಎಸ್‌ಐಎಲ್ ಮಳಿಗೆಗೋ ಬಿಲ್ಲಿನೊಂದಿಗೆ ಹೋಗುತ್ತದೆ. ಅಲ್ಲಿಯವರೆಗೆ ಪ್ರತಿ ಪೆಟ್ಟಿಗೆಗೂ ಲೆಕ್ಕವಿದೆ. ಸನ್ನದುದಾರನ ಹಿಂಬಾಗಿಲಿನಿಂದ ಬೈಕು ಏರಿದ ಮೇಲೆ ಅದು ಲೆಕ್ಕದಿಂದ ಕಳಚಿಕೊಳ್ಳುತ್ತದೆ. ಊರಿಗೆ ಬಂದು ಎಂಆರ್‌ಪಿಯ ಮೇಲೆ ಒಂದಿಷ್ಟು ಸೇರಿಸಿ ಮಾರಾಟವಾಗುತ್ತದೆ. ಬೆಳಗಿನ ಆರಕ್ಕೂ ಸಿಗುತ್ತದೆ, ಉದ್ದರಿಯೂ ಸಿಗುತ್ತದೆ.

ಕಿರಾಣಿ ಅಂಗಡಿಯಲ್ಲಿ ಹಿಡಿದ ಪೌಚಿನ ಬ್ಯಾಚ್ ಸಂಖ್ಯೆ ಪಂಚನಾಮೆಯಲ್ಲಿದ್ದರೆ ತನಿಖೆ ಹಿಂದಕ್ಕೆ ನಡೆಯಲು ಒಂದು ದಾರಿಯಿದೆ: ನಿಗಮದ ಕಡತ, ಡಿಪೋ, ಯಾವ ಸನ್ನದು. ಒಂದೇ ಬ್ಯಾಚಿನ ಮಾಲು ಹಲವು ಅಂಗಡಿಗಳಿಗೆ ಹೋಗಿರಬಹುದು, ಒಂದು ಸಂಖ್ಯೆಯಿಂದ ಎಲ್ಲವೂ ಸಾಬೀತಾಗುವುದಿಲ್ಲ. ಆದರೆ ಐದು ಹಳ್ಳಿಯ ಐದು ದಾಳಿಗಳ ಸಂಖ್ಯೆಗಳು ಒಂದೇ ಸನ್ನದಿನ ಕಡೆ ಬೊಟ್ಟು ಮಾಡಿದರೆ ಆ ಸನ್ನದುದಾರನ ದಾಸ್ತಾನು ಪುಸ್ತಕ ತೆರೆಸಲು ಬೇರೆ ಕಾರಣ ಬೇಕಾಗುವುದಿಲ್ಲ. ಸನ್ನದಿನ ಷರತ್ತು ಮುರಿದವನಿಗೆ ಶಿಕ್ಷೆ ಹೇಳುವ 36ನೇ ಕಲಮು ಕಾಯ್ದೆಯಲ್ಲೇ ಇದೆ. ಪಂಚನಾಮೆಯಲ್ಲಿ 'ಒಟ್ಟು ಇಷ್ಟು ಪೌಚು, ಅಂದಾಜು ಕಿಮ್ಮತ್ತು ಇಷ್ಟು' ಎಂದು ಬರೆದು ಮುಗಿಸಿದರೆ ಪ್ರಕರಣ ಅಂಗಡಿಯಲ್ಲಿ ಕೂತಿದ್ದ ಯಾರೋ ಮುದುಕಿಯ ಹೆಸರಿನಲ್ಲಿ ಹುಟ್ಟಿ ಅವಳ ಹೆಸರಿನಲ್ಲೇ ಸಾಯುತ್ತದೆ.

ಇದನ್ನು ಯಾಕೆ ಬರೆಯುವುದಿಲ್ಲ? ನನಗೆ ಕಾಣುವ ಉತ್ತರ ಅಹಿತಕರವಾದದ್ದು. ಈ ಮಾಲಿನಿಂದ ಸರ್ಕಾರಕ್ಕೆ ಒಂದು ಪೈಸೆಯೂ ನಷ್ಟವಿಲ್ಲ. ಮಾರಾಟ ಅಕ್ರಮ, ಆದರೆ ತೆರಿಗೆ ಸಂದಾಯವಾಗಿದೆ. 2024-25ರ ರಾಜ್ಯ ಬಜೆಟ್ ಅಬಕಾರಿಯಿಂದ 38,525 ಕೋಟಿ ರೂಪಾಯಿ ನಿರೀಕ್ಷಿಸಿತ್ತು. 2025-26ರದು 40,000 ಕೋಟಿ. ಗುರಿ ಮುಟ್ಟಬೇಕಾದ ಇಲಾಖೆ ಮತ್ತು ಅಕ್ರಮ ಮಾರಾಟ ತಡೆಯಬೇಕಾದ ಇಲಾಖೆ ಒಂದೇ. ಹಳ್ಳಿಹಳ್ಳಿಯ ಕಿರಾಣಿ ಅಂಗಡಿ ಮುಚ್ಚಿದರೆ ಸನ್ನದುದಾರ ಡಿಪೋದಿಂದ ಎತ್ತುವ ಪೆಟ್ಟಿಗೆಗಳು ಕಡಿಮೆಯಾಗುತ್ತವೆ. ಯಾವ ಅಧಿಕಾರಿಯೂ ಇದನ್ನು ಬಾಯಿಬಿಟ್ಟು ಹೇಳಬೇಕಿಲ್ಲ, ಲೆಕ್ಕವೇ ಹೇಳುತ್ತದೆ.

ತೆರಿಗೆ ಕಟ್ಟದ ಅಪರಾಧದ ಮೇಲೆ ಶೋಧನೆ ಎಷ್ಟು ಚುರುಕಾಗಿದೆ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟ. ನಮ್ಮ ಕಡೆ ಸೇಂದಿ ಇಳಿಸುವುದು ನಿಷೇಧವಾಗಿ ವರ್ಷಗಳೇ ಕಳೆದವು. ಕೃಷ್ಣೆ ದಾಟಿದರೆ ತೆಲಂಗಾಣ, ಅಲ್ಲಿ ಸೇಂದಿ ಅಂಗಡಿ ಕಾನೂನುಬದ್ಧ. ಗಡಿಯಾಚೆಗೆ ಹೋಗಿ ಕುಡಿದು ಬರುವವರು ಒಂದು ಕಡೆ. ಈಚೆಗೆ ಕದ್ದು ತಂದು, ಇಲ್ಲವೇ ಈಚಲ ಮರದ ಸಂಬಂಧವೇ ಇಲ್ಲದೆ ನೀರು, ಸಕ್ಕರೆ, ಸ್ಯಾಕರಿನ್ನಿಗೆ ಸಿಎಚ್ ಪೌಡರ್ ಕಲಸಿ ಮಾರುವವರು ಇನ್ನೊಂದು ಕಡೆ. ಸಿಎಚ್ ಎಂದರೆ ಕ್ಲೋರಲ್ ಹೈಡ್ರೇಟ್, ಹತ್ತೊಂಬತ್ತನೇ ಶತಮಾನದಲ್ಲಿ ನಿದ್ದೆಯ ಔಷಧವಾಗಿ ಬಂದ ರಾಸಾಯನಿಕ. ಕುಡಿದವನಿಗೆ ಮಂಪರು, ಬಿಟ್ಟರೆ ಕೈಕಾಲು ನಡುಕ, ಬಡಬಡಿಕೆ. ಕೂಲಿಯ ದುಡ್ಡಿಗೆ ಸಿಗುವಷ್ಟು ಅಗ್ಗ. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟಪಲ್ಲಿಯಲ್ಲಿ ಕಲಬೆರಕೆ ಸೇಂದಿಗೆ ಹಲವರು ಬಲಿಯಾದರು. ಇಂಥ ಮಾಲಿನ ಮೇಲೆ ದಾಳಿ ನಡೆಯಲೇಬೇಕು, ರಾತ್ರೋರಾತ್ರಿ ನಡೆಯಬೇಕು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ನೆನೆದವರು ವಾರಂಟಿನ ಮಾತಾಡುವ ಮುನ್ನ ಎರಡು ಸಲ ಯೋಚಿಸುತ್ತಾರೆ. ನಾನೂ ಯೋಚಿಸಿದ್ದೇನೆ. 54ನೇ ಕಲಮು ಇರುವುದೇ ಇಂಥದ್ದಕ್ಕೆ. ಆದರೆ ಅಲ್ಲೂ ಸಿಕ್ಕಿಬೀಳುವುದು ಕೊಡ ಹೊತ್ತವಳು. ಹಳ್ಳಿಯಲ್ಲಿ ಪೌಡರ್ ತಯಾರಾಗುವುದಿಲ್ಲ. ಅದು ಎಲ್ಲಿಂದಲೋ ಚೀಲಗಟ್ಟಲೆ ಬಂದದ್ದು. ಆ ಚೀಲದ ಜಾಡು ಹಿಡಿಯದ ದಾಳಿ ಎಷ್ಟು ನಡೆದರೇನು?

ಆಂಧ್ರದ ಗಡಿಯ ಕಥೆ ಇದಕ್ಕೆ ತಿರುವುಮುರುವು. 2019ರ ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಚಿಲ್ಲರೆ ಮದ್ಯ ಮಾರಾಟವನ್ನು ತನ್ನ ಕೈಗೆ ತೆಗೆದುಕೊಂಡಿತು, ಬೆಲೆ ಏರಿತು. ತುಂಗಭದ್ರೆಯ ಈ ದಡದಲ್ಲಿ ಅಗ್ಗದ ಪೌಚು, ಆ ದಡದಲ್ಲಿ ದುಬಾರಿ ಬಾಟಲಿ. ಮಾಲು ಮಂತ್ರಾಲಯ, ಆದೋನಿಯ ಕಡೆ ಹರಿಯಿತು. ಆಂಧ್ರ 2020ರಲ್ಲಿ ಇದನ್ನೂ ತಡೆಯಲು ವಿಶೇಷ ಜಾರಿ ದಳ ಕಟ್ಟಿತು. ತೆರಿಗೆ ಕಳೆದುಕೊಂಡದ್ದು ಆಂಧ್ರ. ಪ್ರತಿ ಪೆಟ್ಟಿಗೆಗೂ ಸುಂಕ ಪಡೆದದ್ದು ಕರ್ನಾಟಕ. ಆಗ ನದಿಯ ಯಾವ ದಡದಲ್ಲಿ ತಪಾಸಣೆ ಬಿಗಿಯಾಗಿತ್ತು ಎಂದು ಊಹಿಸಲು ಅಬಕಾರಿ ಅನುಭವ ಬೇಕಿಲ್ಲ.

ಅಂದರೆ ಶೋಧನೆ ಅಪರಾಧದ ಹಿಂದೆ ಹೋಗುವುದಿಲ್ಲ, ಕಳೆದುಹೋದ ತೆರಿಗೆಯ ಹಿಂದೆ ಹೋಗುತ್ತದೆ. ಇದು ನಮ್ಮ ಕಾಲದ್ದಷ್ಟೇ ಅಲ್ಲ. 1763ರಲ್ಲಿ ಇಂಗ್ಲೆಂಡಿನ ಸರ್ಕಾರ ಸೇಬಿನ ಮದ್ಯದ ಮೇಲೆ ಸುಂಕ ಹಾಕಿ, ರೈತರು ತಮ್ಮ ತೋಟದ ಹಣ್ಣಿನಿಂದ ತಮಗಾಗಿ ತಯಾರಿಸಿಕೊಂಡದ್ದನ್ನು ಲೆಕ್ಕ ಹಾಕಲು ಸುಂಕದವರಿಗೆ ಮನೆ ಹೊಕ್ಕುವ ಅಧಿಕಾರ ಕೊಟ್ಟಿತು. ಪಾರ್ಲಿಮೆಂಟಿನಲ್ಲಿ ವಿಲಿಯಂ ಪಿಟ್ ಅದನ್ನು ವಿರೋಧಿಸಿ ಆಡಿದರೆಂದು ಹೇಳುವ ಮಾತು, ಬಡವನ ಮುರುಕು ಗುಡಿಸಲಿಗೆ ಗಾಳಿಮಳೆ ನುಗ್ಗಬಹುದು, ರಾಜ ನುಗ್ಗಲಾರ ಎಂಬುದು, ಇವತ್ತಿಗೂ ಕೋರ್ಟುಗಳಲ್ಲಿ ಓಡಾಡುತ್ತದೆ. ಆ ಮಾತು ಹುಟ್ಟಿದ್ದು ಕೊಲೆಯ ತನಿಖೆಯಲ್ಲಲ್ಲ, ರಾಜದ್ರೋಹದ ವಿಚಾರಣೆಯಲ್ಲೂ ಅಲ್ಲ, ಅಬಕಾರಿ ಸುಂಕದ ಚರ್ಚೆಯಲ್ಲಿ. ಮೂರು ವರ್ಷದಲ್ಲಿ ಸುಂಕವನ್ನು ಹಿಂದಕ್ಕೆ ಪಡೆಯಬೇಕಾಯಿತು. ಈಚಿನದು ಬೇಕಾದರೆ 1993ರ ಫುಂಕೆ ಪ್ರಕರಣವಿದೆ. ಫ್ರಾನ್ಸಿನ ಕಸ್ಟಮ್ಸ್‌ನವರು ಒಬ್ಬನ ಮನೆ ಜಾಲಾಡಿದ್ದರು. ಎಷ್ಟು ಹೊತ್ತು, ಎಷ್ಟು ಸಲ, ಎಲ್ಲೆಲ್ಲಿ ಹುಡುಕಬೇಕೆಂದು ಅವರೇ ತೀರ್ಮಾನಿಸುವಂತಿತ್ತು. ನ್ಯಾಯಾಧೀಶರ ಅಪ್ಪಣೆ ಬೇಕಿರಲಿಲ್ಲ. ಬಂಡವಾಳದ ಹೊರಹರಿವು, ತೆರಿಗೆ ವಂಚನೆ ತಡೆಯಲು ಇಂಥ ಅಧಿಕಾರ ಬೇಕಾಗಬಹುದು ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಒಪ್ಪಿತು, ಆದರೆ ಕಡಿವಾಣವಿಲ್ಲದ ಅಧಿಕಾರವನ್ನು ಒಪ್ಪಲಿಲ್ಲ.

ನಮ್ಮಲ್ಲಿ ಕಡಿವಾಣ ಇಲ್ಲವೇ ಇಲ್ಲ ಎಂದಲ್ಲ. ಆಸ್ತಿಗೆ ತಕ್ಕ ಹಾಗೆ ಹಂಚಿಕೆಯಾಗಿದೆ. ಜಿಎಸ್‌ಟಿ ಕಾಯ್ದೆಯ 67ನೇ ಕಲಮಿನಡಿ ವ್ಯಾಪಾರಿಯ ಗೋದಾಮು ಶೋಧಿಸಬೇಕಾದರೆ ಜಂಟಿ ಆಯುಕ್ತರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ನಂಬಲು ಕಾರಣವಿದೆ ಎಂದು ಮನಗಂಡು, ಐಎನ್‌ಎಸ್-01 ಎಂಬ ನಮೂನೆಯಲ್ಲಿ ಲಿಖಿತ ಅನುಮತಿ ಕೊಡಬೇಕು. ಕಸ್ಟಮ್ಸ್‌ನವರು ಮೈ ತಪಾಸಣೆ ಮಾಡುವ ಮುನ್ನ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಹೋಗುವ ಹಕ್ಕು ಪ್ರಯಾಣಿಕನಿಗಿದೆ. ನಂಬಲು ಕಾರಣವಿಲ್ಲದೆ ಶೋಧನೆ ನಡೆಸಿದ ಕಸ್ಟಮ್ಸ್ ಅಧಿಕಾರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ ಎಂದು 1962ರ ಕಾಯ್ದೆ ಹೇಳುತ್ತದೆ. (ಆ ಸಾವಿರ ರೂಪಾಯಿ ಈಗಲೂ ಸಾವಿರವೇ. ಬೇರೆಲ್ಲದರ ಬೆಲೆ ಏರಿತು, ಪ್ರಜೆಯ ಬಾಗಿಲಿನದು ಏರಲಿಲ್ಲ.) 2025ರ ಫೆಬ್ರುವರಿಯಲ್ಲಿ ರಾಧಿಕಾ ಅಗರವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಸ್ಟಮ್ಸ್ ಮತ್ತು ಜಿಎಸ್‌ಟಿ ಅಧಿಕಾರಿಗಳು ಬಂಧಿಸುವಾಗಲೂ ನಂಬಿಕೆಯ ಕಾರಣವನ್ನು ಬರೆದಿಡಲೇಬೇಕು ಎಂದಿತು. ಈ ರಕ್ಷಣೆಗಳೆಲ್ಲ ಬೇಕಾದವೇ. ಗೋದಾಮಿಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕೆಂದಾದರೆ ಗುಡಿಸಲಿಗೆ ಕೆಳಗಿನ ಅಧಿಕಾರಿಯ ಎರಡು ಸಾಲಾದರೂ ಬೇಡವೇ ಎಂಬುದಷ್ಟೇ ನನ್ನ ಮಾತು.

ಇನ್ನು ಮೇಲಿನವರ ಬಾಗಿಲು. 2025ರ ಮಾರ್ಚ್ 3ರಂದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಒಬ್ಬ ನಟಿಯ ಬಳಿ 14.2 ಕಿಲೋ ಚಿನ್ನ ಹಿಡಿದರು. ಪೊಲೀಸ್ ಶಿಷ್ಟಾಚಾರದ ಸೌಲಭ್ಯ ಬಳಸಿ ತಪಾಸಣೆ ತಪ್ಪಿಸಿಕೊಳ್ಳುತ್ತಿದ್ದರು ಎಂಬ ಆರೋಪ ಬಂತು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾನು ಗಮನಿಸುವುದು ಬೇರೆ: ಆ ನಿಲ್ದಾಣದಲ್ಲಿ ಕಾನೂನು ಎಲ್ಲರಿಗೂ ಒಂದೇ, ತಪಾಸಣೆಯ ಸಾಲು ಮಾತ್ರ ಒಂದೇ ಅಲ್ಲ ಎಂಬ ಮಾತು ಆರೋಪವಾಗಿಯಾದರೂ ಹೊರಬಿತ್ತು.

ಅಧಿಕಾರಿಗಳ ಕಷ್ಟವನ್ನು ಹಗುರವಾಗಿ ಕಾಣುವ ಇರಾದೆ ನನಗಿಲ್ಲ. 2018ರ ಡಿಸೆಂಬರಿನಲ್ಲಿ ಇದೇ ಮಾನ್ವಿ ತಾಲೂಕಿನಲ್ಲಿ ಅಕ್ರಮ ಮರಳು ಸಾಗಿಸುತ್ತಿದ್ದ ಲಾರಿಗೆ ಅಡ್ಡ ನಿಂತ ಗ್ರಾಮ ಲೆಕ್ಕಾಧಿಕಾರಿಯ ಮೇಲೆ ಲಾರಿ ಹರಿದು ಅವರು ಪ್ರಾಣ ಬಿಟ್ಟರು. ಕೃಷ್ಣೆ, ತುಂಗಭದ್ರೆಯ ಮರಳಿಗೂ ಸರ್ಕಾರಕ್ಕೆ ರಾಜಧನ ಸಲ್ಲಬೇಕು. ಗಣಿ ಕಾಯ್ದೆಯಲ್ಲೂ ಶೋಧನೆಗೆ, ಜಪ್ತಿಗೆ ಕಲಮುಗಳಿವೆ. ಕಲಮು ಕಚೇರಿಯಲ್ಲಿತ್ತು, ರಸ್ತೆಯಲ್ಲಿ ಲಾರಿಯೆದುರು ಇದ್ದದ್ದು ಕೆಳಹಂತದ ಒಬ್ಬ ನೌಕರ. ಚಲಿಸುವ ಲಾರಿಯನ್ನು ತಡೆಯುವವನಿಗೆ ಮೊದಲು ಕಾರಣ ಬರೆ ಎಂದು ಉಪದೇಶಿಸಲಾಗದು. ಅದಕ್ಕೇ ಮನೆ, ಅಂಗಡಿ, ರಸ್ತೆ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸನ್ನದು ಪಡೆದವನು ಸನ್ನದಿನ ಜೊತೆಗೇ ತಪಾಸಣೆಯನ್ನೂ ಒಪ್ಪಿಕೊಂಡಿದ್ದಾನೆ. ಅವನ ಅಂಗಡಿ, ದಾಸ್ತಾನು, ಪುಸ್ತಕವನ್ನು ಇಲಾಖೆ ಯಾವ ಹೊತ್ತಿಗಾದರೂ ನೋಡಲಿ, ಕಾರಣ ಹೇಳುವುದೂ ಬೇಡ. ರಸ್ತೆಯ ವಾಹನಕ್ಕೆ ಗುಮಾನಿ ಸಾಕು, ಬರಹ ಆ ಕೂಡಲೇ ಆಗದಿದ್ದರೆ ಸ್ಥಳದಲ್ಲೇ ವಿಡಿಯೋ ಆಗಲಿ. ಸುಬ್ಬಯ್ಯ ಪ್ರಕರಣ ಕಾರಿನದೇ ಆದ್ದರಿಂದ ಇದಕ್ಕೆ ಕಾಯ್ದೆಯನ್ನೇ ತಿದ್ದಬೇಕಾಗುತ್ತದೆ, ತಿದ್ದಲಿ. ಜನ ಮಲಗುವ ಮನೆಗೆ ಮಾತ್ರ ಬರೆದ ಕಾರಣವಿಲ್ಲದೆ ಕಾಲಿಡಬಾರದು. ಇವತ್ತು ನಡೆಯುತ್ತಿರುವುದು ಇದರ ತದ್ವಿರುದ್ಧ: ಮನೆಗೆ ಸಲೀಸಾಗಿ ನುಗ್ಗುತ್ತಾರೆ, ಸನ್ನದಿನ ಅಂಗಡಿಯ ಮುಂದೆ ಹಿಂದೆಮುಂದೆ ನೋಡುತ್ತಾರೆ.

ವಿಡಿಯೋದ ಮಾತು ಬಂದದ್ದಕ್ಕೆ ಹೇಳಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು, ಶೋಧನೆ ಮತ್ತು ಜಪ್ತಿಯನ್ನು ಮೊಬೈಲಿನಲ್ಲಾದರೂ ಸರಿ, ಧ್ವನಿ ಸಹಿತ ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಎನ್ನುತ್ತದೆ. ವಿಶೇಷ ಕಾಯ್ದೆಗಳಡಿಯ ಶೋಧನೆಗೂ ಇದು ಅನ್ವಯಿಸುತ್ತದೆಯೋ ಇಲ್ಲವೋ ಎಂದು ವಕೀಲರು ಕೂದಲು ಸೀಳಬಹುದು. ಅಬಕಾರಿ ಇಲಾಖೆ ಸುತ್ತೋಲೆ ಹೊರಡಿಸಿ ತಾನೇ ಪಾಲಿಸಿದರೆ ವಾದ ಮುಗಿಯಿತು. ಪಂಚರ ಸಂಕಟವೂ ಅದರಿಂದ ತಗ್ಗುತ್ತದೆ. ಸಣ್ಣ ಊರಿನಲ್ಲಿ ಪಂಚನಾಗಿ ಸಹಿ ಹಾಕಿದವನು ನಾಳೆ ಅದೇ ಅಂಗಡಿಗೆ ಉಪ್ಪು, ಎಣ್ಣೆಗೆ ಹೋಗಬೇಕು. ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ನಿಂತು 'ನಾನು ಸಹಿ ಹಾಕಿದ್ದು ಠಾಣೆಯಲ್ಲಿ, ಕಾಗದದಲ್ಲಿ ಏನಿತ್ತೋ ಗೊತ್ತಿಲ್ಲ' ಎಂದರೆ ಅವನನ್ನು ಪೂರ್ತಿ ದೂರಲಾರೆ. ಹಲವು ಸಲ ಅವನು ಹೇಳುತ್ತಿರುವುದು ನಿಜವೇ ಆಗಿರುತ್ತದೆ.

ಹೊಸ ಕಾನೂನುಗಳು ಅತ್ತ ಇನ್ನೂ ದೊಡ್ಡ ಬಾಗಿಲು ತೆರೆಯುತ್ತಿವೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ 247ನೇ ಕಲಮು ಶೋಧನೆಯ ವೇಳೆ ಕಂಪ್ಯೂಟರಿನ ಗುಪ್ತಪದ ದಾಟಿ ಇಮೇಲು, ಸಾಮಾಜಿಕ ಜಾಲತಾಣದ ಖಾತೆಗಳ ಒಳಗೂ ಹೋಗಲು ಅವಕಾಶ ಕೊಡುತ್ತದೆ. ನಂಬಿಕೆಯ ಕಾರಣವನ್ನು ಯಾರಿಗೂ, ನ್ಯಾಯಮಂಡಳಿಗೂ, ತೋರಿಸಬೇಕಾಗಿಲ್ಲ ಎಂಬ ತಿದ್ದುಪಡಿ 2017ರಲ್ಲೇ ಹಳೆಯ ಕಾಯ್ದೆಗೆ ಬಂದಿತ್ತು. ನಗರದ ಓದುಗರಿಗೆ ಈಗ ಕಳವಳ ಹುಟ್ಟಿದೆ, ಸರಿಯಾದದ್ದೇ. ಕಾರಣ ಬರೆಯದೆ ನುಗ್ಗುವುದು ಹೇಗಿರುತ್ತದೆ ಎಂಬುದು ದೇವದುರ್ಗದ ಹಳ್ಳಿ, ದೊಡ್ಡಿಗಳವರಿಗೆ ಮೊದಲಿನಿಂದಲೂ ಗೊತ್ತು. ಅವರ ಅನುಭವ ಯಾರ ಕಳವಳವೂ ಆಗಿರಲಿಲ್ಲ, ಅಷ್ಟೇ.

ಮಹಿಳಾ ಸಂಘಗಳು ಇವತ್ತೇ ಮಾಡಬಹುದಾದ ಒಂದು ಕೆಲಸವಿದೆ, ಅದಕ್ಕೆ ಹೊಸ ಕಾನೂನು ಬೇಡ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಉತ್ತರ ಮೂವತ್ತು ದಿನದಲ್ಲಿ ಬರಬೇಕು. ರಾಯಚೂರಿನ ಅಬಕಾರಿ ಉಪ ಆಯುಕ್ತರ ಕಚೇರಿಗೆ ಕೇಳಬೇಕಾದ್ದು ನಾಲ್ಕು ಸಂಗತಿ. ಕಳೆದ ವರ್ಷ ಮಾನ್ವಿ, ದೇವದುರ್ಗ ತಾಲೂಕುಗಳಲ್ಲಿ ವಾರಂಟ್ ಇಲ್ಲದೆ ನಡೆದ ಶೋಧನೆಗಳಲ್ಲಿ ಎಷ್ಟಕ್ಕೆ 54ನೇ ಕಲಮಿನಂತೆ ಮೊದಲೇ ಕಾರಣ ಬರೆದಿದೆ? ಜಪ್ತಿಯಾದ ಪೌಚುಗಳ ಬ್ಯಾಚ್ ಸಂಖ್ಯೆ ಯಾವುವು? ಆ ಬ್ಯಾಚುಗಳನ್ನು ಡಿಪೋದಿಂದ ಎತ್ತಿದ ಸನ್ನದುಗಳು ಯಾವುವು? ಆ ಸನ್ನದುದಾರರಲ್ಲಿ ಎಷ್ಟು ಮಂದಿಯ ಮೇಲೆ 36ನೇ ಕಲಮಿನಡಿ ಪ್ರಕರಣ ದಾಖಲಾಗಿದೆ? 'ಮಾಹಿತಿ ಲಭ್ಯವಿಲ್ಲ' ಎಂಬ ಹಿಂಬರಹ ಬಂದರೆ ಅದನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದಿನ ಮೇಲ್ಮನವಿಗೆ ಲಗತ್ತಿಸಲು ಬೇಕಾಗುತ್ತದೆ.